ಹಾಲು ಎಷ್ಟು ದಿನ ಚೆಲ್ಲಬೇಕು?

ಮೊನ್ನೆ ಮದ್ದೂರು ಕಡೆ ಒಂದು ಕೊಟ್ಟಿಗೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸುವಿಗೆ ಕೆಚ್ಚಲು ಬಾವು. ಬಾತಿದ್ದ ಮೊಲೆಗೆ ಆಂಟಿಬಯಾಟಿಕ್ ಟ್ಯೂಬ್ ಹಾಕಿ ಕೈ ತೊಳೆಯುತ್ತಿದ್ದೆ. ಮನೆಯಾಕೆ ಕೇಳಿದರು: "ಸಾಯಂಕಾಲದ ಹಾಲು ಡೈರಿಗೆ ಹಾಕ್ಬೋದಾ ಸಾರ್? ಇನ್ನು ಮೂರು ಮೊಲೆ ಚೆನ್ನಾಗೇ ಇದಾವಲ್ಲ."

ಬೇಡಮ್ಮ ಅಂದೆ. ಔಷಧಿ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಇಳಿಯುತ್ತದೆ. ಕಾಯಿಸಿದರೂ ಪೂರ್ತಿ ಹೋಗಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿ ನೋಡಿ, ಮೊಸರೇ ಸರಿಯಾಗಿ ಆಗದೆ ಹೋಗಬಹುದು.

ಔಷಧಿ ಡಬ್ಬಿ ಮೇಲೆ 'ವಿತ್‌ಡ್ರಾವಲ್ ಪೀರಿಯಡ್', ಅಂದರೆ ಔಷಧಿ ಕೊಟ್ಟ ಮೇಲೆ ಹಾಲು ಬಳಸದೆ ಕಾಯಬೇಕಾದ ಅವಧಿ, ಇಷ್ಟು ದಿನ ಎಂದು ಬರೆದಿರುತ್ತದೆ. ಅದನ್ನು ಸುಮ್ನೆ ಅಂದಾಜಿನ ಮೇಲೆ ಹಾಕಿರಲ್ಲ. ಹೆಚ್ಚಾಗಿ ಮೊದಲು ಇಲಿಯಂಥ ಪ್ರಾಣಿಗಳಿಗೆ ಔಷಧಿ ಕೊಟ್ಟು, ಏನೂ ತೊಂದರೆ ಕಾಣದ ಪ್ರಮಾಣ ಹುಡುಕುತ್ತಾರೆ. ಮನುಷ್ಯರಿಗೆ ಇನ್ನೂ ಸುರಕ್ಷಿತವಾಗಿರಲಿ ಅಂತ ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಆಮೇಲೆ ಒಬ್ಬ ಮನುಷ್ಯ ದಿನಕ್ಕೆ ಒಂದೂವರೆ ಲೀಟರ್ ಹಾಲು ಕುಡಿಯುತ್ತಾನೆ ಎಂದೇ ಲೆಕ್ಕ ಹಿಡಿಯುತ್ತಾರೆ. ನಮ್ಮಲ್ಲಿ ಯಾರು ಅಷ್ಟು ಕುಡಿತಾರೆ, ಅಲ್ವಾ? ಬೇಕಂತಲೇ ಜಾಸ್ತಿ ಹಿಡಿಯೋದು. ಹೀಗೆ ಹಾಲಿನಲ್ಲಿ ಎಷ್ಟು ಉಳಿಕೆ ಇರಬಹುದು ಎನ್ನುವ ಮಿತಿ ಬರುತ್ತದೆ. ಪೆನ್ಸಿಲಿನ್‌ಗೆ ಕೋಡೆಕ್ಸ್ (ಆಹಾರದ ಮಾನದಂಡ ಹಾಕುವ ಅಂತರರಾಷ್ಟ್ರೀಯ ಸಂಸ್ಥೆ) ಇಟ್ಟಿರುವ ಮಿತಿ ಕೆಜಿ ಹಾಲಿಗೆ 4 ಮೈಕ್ರೋಗ್ರಾಂ. ಹಾಲು ಆ ಮಿತಿಗಿಂತ ಕೆಳಗಿಳಿಯೋಕೆ ಬೇಕಾದ ಸಮಯವೇ ಡಬ್ಬಿ ಮೇಲಿನ ದಿನ. ಈ ದಿನಗಳನ್ನು ಡಬ್ಬಿ ಮೇಲೆ ಬರೆಯಲೇಬೇಕು ಅಂತ ನಮ್ಮ ದೇಶದ ಔಷಧಿ ನಿಯಮಕ್ಕೆ 2012ರಲ್ಲಿ ಸೇರಿಸಿದರು. ಅವಧಿ ಗೊತ್ತಾಗಿರದ ಔಷಧಿಯಾದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ.

ಈ ಲೆಕ್ಕ ನಿಲ್ಲೋದು ಹೇಳಿದ ಡೋಸು, ಹೇಳಿದ ದಾರಿಯಲ್ಲಿ ಹೋದರೆ ಮಾತ್ರ. ಬೇಗ ವಾಸಿಯಾಗಲಿ ಅಂತ ಎರಡು ಪಟ್ಟು ಕೊಟ್ಟರೆ ಆ ದಿನಗಳಿಗೆ ಬೆಲೆ ಇಲ್ಲ. ಭತ್ತಕ್ಕೆ ಹೊಡೆದು ಮಿಕ್ಕಿದ ಕೀಟನಾಶಕವನ್ನು ದನದ ಉಣ್ಣೆಗೆ ಬಳಿಯೋದೂ ಇದೇ ತಪ್ಪು. ಒಳಗಿನ ಮದ್ದು ಒಂದೇ ಇರಬಹುದು. ಆದರೆ 1968ರ ಕೀಟನಾಶಕ ಕಾಯ್ದೆಯಲ್ಲಿ ಆ ಬಾಟಲಿಗೆ ನೋಂದಣಿ ಸಿಕ್ಕಿರೋದು ಬೆಳೆಗೆ. ದನದ ಚರ್ಮಕ್ಕೆ, ಹಾಲಿಗೆ ಯಾರೂ ಅದರ ಲೆಕ್ಕ ಹಾಕಿಲ್ಲ.

ಅಪಾಯ ಲೇಬಲ್‌ನಿಂದ ಹಿಡಿತಕ್ಕೆ ಸಿಗದಿದ್ದರೆ ಔಷಧಿಯೇ ಬಂದ್. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ನಿಂತಿದ್ದು ಹಾಗೆ. ಅದನ್ನು ಕೊಟ್ಟ ದನ ಸತ್ತರೆ, ತಿಂದ ರಣಹದ್ದುಗಳ ಕಿಡ್ನಿ ಹೋಗುತ್ತಿತ್ತು. ಹದ್ದಿಗೆ ಲೇಬಲ್ ಓದೋಕೆ ಬರುತ್ತಾ?

"ಹಂಗಾದ್ರೆ ಕರುಗೆ ಕುಡಿಸ್ಲಾ?" ಅಂದರು ಆಕೆ. ಅದೂ ಬೇಡ ಅಂದೆ. ಮುಖ ಸಪ್ಪಗಾಯಿತು. ಚೆಲ್ಲೋದು ಅವರ ದುಡ್ಡು, ನನ್ನದಲ್ಲ. ಹಿಂಗಾಲಿಗೆ ಒಂದು ಕೆಂಪು ಬಟ್ಟೆ ಕಟ್ಟಿದೆ, ಬೆಳಗ್ಗೆ ಕತ್ತಲಲ್ಲಿ ಹಾಲು ಕರೆಯೋ ಮಗನಿಗೂ ಗೊತ್ತಾಗಲಿ ಅಂತ. ಬಿಚ್ಚೋ ತಾರೀಖನ್ನು ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದು ಬಂದೆ.