ಸೊಳ್ಳೆಯ ಫಿಟ್‌ನೆಸ್ ಅಂದರೆ ಗಟ್ಟಿತನ ಅಲ್ಲ

ಕುಲಾಂತರಿ ಸೊಳ್ಳೆಯ, ಅಂದರೆ ಪ್ರಯೋಗಾಲಯದಲ್ಲಿ ಜೀನು ಬದಲಿಸಿದ ಸೊಳ್ಳೆಯ, ಸುದ್ದಿ ಬಂದಾಗೆಲ್ಲ ಕಾರವಾರದಲ್ಲಿ ಕಿವಿಗೆ ಬೀಳುವುದು ಇದೇ ಮಾತು: ‘ಫಿಟ್‌ನೆಸ್ ಜಾಸ್ತಿ ಇರೋ ಸೊಳ್ಳೆ ಬಿಟ್ರೆ ಇನ್ನೂ ಜೋರಾಗಿ ಕಚ್ಚುತ್ತೆ ಅಲ್ವಾ?’ ಅಲ್ಲ. ಜೀವಶಾಸ್ತ್ರದಲ್ಲಿ ಈ ಪದಕ್ಕೂ ಜಿಮ್ಮಿಗೂ ಸಂಬಂಧವೇ ಇಲ್ಲ. ಒಂದು ಜೀವಿಯ ಎಷ್ಟು ಮರಿಗಳು ಬದುಕಿ, ಬೆಳೆದು, ತಾವೂ ಮರಿ ಮಾಡುತ್ತವೆ ಅನ್ನುವುದೇ ಅದರ ಫಿಟ್‌ನೆಸ್. ಅದೂ ಜೊತೆಯವುಗಳಿಗೆ ಹೋಲಿಸಿ ಹೇಳುವ ಮಾತು.

ಗೊಂದಲ ಹಳೆಯದು. ‘ಸರ್ವೈವಲ್ ಆಫ್ ದಿ ಫಿಟೆಸ್ಟ್’ ಎಂದು ಮೊದಲು ಬರೆದವನು ಡಾರ್ವಿನ್ ಅಲ್ಲ, ಇಂಗ್ಲೆಂಡಿನ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ಡಾರ್ವಿನ್ ಅದನ್ನು ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕಕ್ಕೆ ಸೇರಿಸಿಕೊಂಡಿದ್ದು 1869ರ ಐದನೇ ಆವೃತ್ತಿಯಲ್ಲಿ. ಅಲ್ಲಿ ‘ಫಿಟ್’ ಅಂದರೆ ಬೋಲ್ಟಿಗೆ ನಟ್ಟು ಕೂರುವ ಹಾಗೆ ಜಾಗಕ್ಕೆ ಹೊಂದುವುದು. ನಾವು ಮಾತ್ರ ‘ಬಲಶಾಲಿಗಳ ಉಳಿವು’ ಅಂತ ಬಾಯಿಪಾಠ ಮಾಡಿಕೊಂಡು ಕೂತೆವು. ಶಿರಸಿ ಕಡೆಯಂಥ ಘಟ್ಟದ ಹಳ್ಳಗಳ ನಿಧಾನ ನೀರು ಮಲೇರಿಯಾ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಒಗ್ಗುತ್ತದೆ. ಪೇಟೆಯ ಟ್ಯಾಂಕು, ಬಾವಿ ಅದೇ ರೋಗ ಹರಡುವ ಇನ್ನೊಂದು ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿಗೆ ಒಗ್ಗುತ್ತದೆ. ಇವೆರಡರಲ್ಲಿ ಯಾವುದು ಬಲಶಾಲಿ? ಪ್ರಶ್ನೆಗೇ ಅರ್ಥವಿಲ್ಲ.

ಮಲೇರಿಯಾ ಸಂಶೋಧಕರಿಗೆ ಈ ಲೆಕ್ಕ ಯಾಕೆ ಬೇಕು? ಮಲೇರಿಯಾ ತರುವ ಪರಾವಲಂಬಿಯನ್ನು ತಡೆಯುವ ಜೀನು ಸೇರಿಸಿದ ಸೊಳ್ಳೆ ಅದಕ್ಕೆ ಬೆಲೆ ತೆತ್ತರೆ, ಅಂದರೆ ಮೊಟ್ಟೆ ಕಡಿಮೆ ಇಟ್ಟರೆ ಅಥವಾ ಬೇಗ ಸತ್ತರೆ, ಕೆಲವೇ ತಲೆಮಾರುಗಳಲ್ಲಿ ಆ ಜೀನು ಮಾಯ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಒಂದೇ ಪಂಜರದಲ್ಲಿ ಕುಲಾಂತರಿ ಸ್ಟೀಫೆನ್ಸಿಯನ್ನೂ ಸಾಮಾನ್ಯ ಸ್ಟೀಫೆನ್ಸಿಯನ್ನೂ ಅರ್ಧರ್ಧ ಬಿಟ್ಟು, ಮಲೇರಿಯಾ ತಗುಲಿದ ಇಲಿಗಳ ರಕ್ತ ಕುಡಿಸಿದರು. ಒಂಬತ್ತು ತಲೆಮಾರಿನ ಹೊತ್ತಿಗೆ ಕುಲಾಂತರಿಗಳು ಸುಮಾರು 70% ಆದವು. ರೋಗವಿಲ್ಲದ ರಕ್ತ ಕುಡಿಸಿದಾಗ ಆ ಲಾಭ ಕಾಣಲಿಲ್ಲ. ಪರಾವಲಂಬಿ ಸೊಳ್ಳೆಗೂ ಹೊರೆಯೇ; ಆ ಹೊರೆ ಇದ್ದಲ್ಲಿ ಮಾತ್ರ ಜೀನು ಗೆದ್ದಿತು. ಅದೇ ಸೊಳ್ಳೆ, ರಕ್ತ ಬದಲಾದರೆ ಫಿಟ್‌ನೆಸ್ ಬದಲು. ಇಲಿ ಮಲೇರಿಯಾದ ಮಾತಿದು, ಮನುಷ್ಯರದ್ದಲ್ಲ. ಹೊರಗಿನ ಬಹುಪಾಲು ಸೊಳ್ಳೆಗಳ ಒಳಗೆ ಪರಾವಲಂಬಿ ಇರುವುದೂ ಇಲ್ಲ. ಅದಕ್ಕೇ ಸಂಶೋಧಕರು ‘ಜೀನ್ ಡ್ರೈವ್’ ಎಂಬ ತಂತ್ರದ ಮೊರೆ ಹೋಗಿದ್ದಾರೆ. ಸಾಮಾನ್ಯವಾಗಿ ಅರ್ಧ ಮರಿಗಳಿಗೆ ಸಿಗಬೇಕಾದ ಜೀನು ಅದರಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಸಿಗುತ್ತದೆ; ಆಗ ಸ್ವಲ್ಪ ನಷ್ಟವಿದ್ದರೂ ಹರಡುತ್ತದೆ.

2019ರಲ್ಲಿ ಬುರ್ಕಿನಾ ಫಾಸೊದ ಬಾನಾ ಹಳ್ಳಿಯಲ್ಲಿ ಬಿಟ್ಟವು ಬೇರೆ ಥರದವು: ಜೀನ್ ಡ್ರೈವ್ ಇಲ್ಲದ, ಬಂಜೆ ಮಾಡಿದ ಗಂಡು ಸೊಳ್ಳೆಗಳು. ಗಂಡು ಕಚ್ಚುವುದಿಲ್ಲ. ಅವು ಚೆನ್ನಾಗಿ ಹಾರಬೇಕಿತ್ತು, ಹೆಣ್ಣಿನ ಹಿಂದೆ ಹೋಗಬೇಕಿತ್ತು. ಮರಿ ಮಾತ್ರ ಆಗಬಾರದು. ಗಟ್ಟಿಮುಟ್ಟಾದ ಸೊಳ್ಳೆ, ಫಿಟ್‌ನೆಸ್ ಸೊನ್ನೆ.