ಬಡ್ಡಿ ಏರಿದರೆ ಕಚೇರಿಗೆ ಬೆಲೆ ಬೀಳುತ್ತದೆ, ಮನೆಗೆ ವಹಿವಾಟು ನಿಲ್ಲುತ್ತದೆ: ರಿಯಲ್ ಎಸ್ಟೇಟ್ ಅಧ್ಯಯನ ಟಿಪ್ಪಣಿ

ಕಚೇರಿ ಕಟ್ಟಡಗಳ ಬೆಲೆ ಕುಸಿಯಿತು ಎಂದು ಒಂದು ವರದಿ, ಮನೆಗಳ ಬೆಲೆ ಹೊಸ ಎತ್ತರಕ್ಕೇರಿತು ಎಂದು ಇನ್ನೊಂದು. ಅದೇ ದೇಶ, ಅದೇ ವರ್ಷ. ಹೊಸದಾಗಿ ಓದುವವರಿಗೆ ತಲೆ ಕೆಡುವುದು ಇಲ್ಲೇ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ತನ್ನ ದರವನ್ನು ಸೊನ್ನೆಯ ಆಸುಪಾಸಿನಿಂದ ಶೇ 5.25–5.50ಕ್ಕೆ ಒಯ್ದಿತು, ಇಳಿಸಲು ಶುರುಮಾಡಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ಒಂದೇ ಪೆಟ್ಟು ಎರಡು ಮಾರುಕಟ್ಟೆಗಳಿಗೆ ಎರಡು ಬಗೆಯಲ್ಲಿ ತಗುಲಿದ್ದು ಸಾಲದ ಕರಾರುಗಳ ವ್ಯತ್ಯಾಸದಿಂದ. ಇವತ್ತಿನ ಪರಿಸ್ಥಿತಿಯನ್ನು ಅಲ್ಲಿಂದಲೇ ಓದಬೇಕು.

ವಾಣಿಜ್ಯ ಕಟ್ಟಡ: ಒಂದು ಲೆಕ್ಕ ಪೂರ್ತಿ ಮಾಡೋಣ

ಒಂದು ಕಚೇರಿ ಕಟ್ಟಡ ಪೂರ್ತಿ ತುಂಬಿದರೆ ವರ್ಷಕ್ಕೆ 160 ಲಕ್ಷ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಶೇ 10 ಜಾಗ ಖಾಲಿ, ಅಂದರೆ 16 ಲಕ್ಷ ಹೋಯಿತು. ನಿರ್ವಹಣೆ, ತೆರಿಗೆ, ವಿಮೆ ಸೇರಿ 44 ಲಕ್ಷ ಖರ್ಚು. ಉಳಿದದ್ದು 100 ಲಕ್ಷ. ಸಾಲದ ಕಂತು ಕಳೆಯುವ ಮೊದಲಿನ ಈ ಮೊತ್ತವೇ ನಿವ್ವಳ ಕಾರ್ಯಾಚರಣೆ ಆದಾಯ, ಎನ್‌ಒಐ. ಇದನ್ನು ಕ್ಯಾಪ್ ರೇಟ್‌ನಿಂದ, ಅಂದರೆ ಕೊಟ್ಟ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ ಇಷ್ಟು ಆದಾಯ ಬರಬೇಕು ಎಂದು ಕೊಳ್ಳುವವರು ಬಯಸುವ ದರದಿಂದ, ಭಾಗಿಸಿದರೆ ಕಟ್ಟಡದ ಬೆಲೆ ಸಿಗುತ್ತದೆ. ಹಣ ಅಗ್ಗವಾಗಿದ್ದಾಗ ಕೊಳ್ಳುವವರು ಶೇ 5 ಸಾಕು ಎನ್ನುತ್ತಿದ್ದರು: ಬೆಲೆ 20 ಕೋಟಿ. ಬಡ್ಡಿ ಏರಿದ ಮೇಲೆ ಶೇ 6.5 ಬೇಕು ಎನ್ನುತ್ತಾರೆ: ಬೆಲೆ 15.38 ಕೋಟಿ. ಒಬ್ಬ ಬಾಡಿಗೆದಾರನೂ ಬಿಟ್ಟುಹೋಗಿಲ್ಲ, ಗೋಡೆ ಬಿರುಕು ಬಿಟ್ಟಿಲ್ಲ. ಬೆಲೆ ಮಾತ್ರ ಶೇ 23 ಇಳಿದಿದೆ.

ಈಗ ಸಾಲವನ್ನು ಸೇರಿಸಿ. ಮಾಲೀಕರು 20 ಕೋಟಿಗೆ ಕೊಂಡಾಗ ಶೇ 60, ಅಂದರೆ 12 ಕೋಟಿ ಸಾಲ ಪಡೆದಿದ್ದರು; ದರ ಶೇ 3.5, ಅವಧಿಯುದ್ದಕ್ಕೂ ಬಡ್ಡಿ ಮಾತ್ರ, ಅಸಲು ಕೊನೆಗೆ ಒಂದೇ ಗಂಟಿನಲ್ಲಿ. ವರ್ಷಕ್ಕೆ ಬಡ್ಡಿ 42 ಲಕ್ಷ, ಆದಾಯ 100 ಲಕ್ಷ. ಆರಾಮ. ಅವಧಿ ಮುಗಿದ ದಿನ ಹೊಸ ಸಾಲಕ್ಕೆ ಹೋದರೆ ಬ್ಯಾಂಕ್ ಹೊಸ ಬೆಲೆಯ ಮೇಲೆ ಶೇ 60 ಕೊಡುತ್ತದೆ: 9.23 ಕೋಟಿ. ಹಳೆಯ ಸಾಲ ತೀರಿಸಲು 2.77 ಕೋಟಿ ಕಡಿಮೆ ಬಿತ್ತು. ಅದನ್ನು ಕೈಯಿಂದ ಹಾಕಬೇಕು. ಮಾಲೀಕರು ಹೂಡಿದ್ದ 8 ಕೋಟಿ ಕಾಗದದ ಮೇಲೆ 3.38 ಕೋಟಿಗೆ ಇಳಿದಿದೆ. ಶೇ 23ರ ಇಳಿಕೆ ಅವರ ಪಾಲಿನ ಶೇ 58ನ್ನು ನುಂಗಿದೆ.

ಇದಕ್ಕೆ ಮನೆಯಿಂದ ಕೆಲಸ ಮಾಡುವ ಪದ್ಧತಿ ಸೇರಿದರೆ? ಖಾಲಿ ಜಾಗ ಶೇ 25 ಆಯಿತೆನ್ನಿ. ಬಾಡಿಗೆ 40 ಲಕ್ಷ ಹೋಯಿತು. ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ ಎಂಬುದನ್ನು ಕಲಿಯುವವರು ಬಹಳ ಸಲ ಮರೆಯುತ್ತಾರೆ. ಲಿಫ್ಟ್ ಓಡಲೇಬೇಕು, ಕಾವಲುಗಾರ ಇರಲೇಬೇಕು, ತೆರಿಗೆ ಕಟ್ಟಲೇಬೇಕು. 44 ಹೋಗಿ 42 ಲಕ್ಷ ಆಗಬಹುದು, ಅಷ್ಟೆ. ಎನ್‌ಒಐ ಈಗ 78 ಲಕ್ಷ. 12 ಕೋಟಿ ಸಾಲವನ್ನು ಶೇ 6.5ರ ಹೊಸ ದರದಲ್ಲಿ ಮುಂದುವರಿಸಿದರೆ ಬಡ್ಡಿಯೂ ಸರಿಯಾಗಿ 78 ಲಕ್ಷ! ಆದಾಯವನ್ನು ಸಾಲದ ವಾರ್ಷಿಕ ಪಾವತಿಯಿಂದ ಭಾಗಿಸಿದ ಅನುಪಾತಕ್ಕೆ ಡಿಎಸ್‌ಸಿಆರ್ ಎನ್ನುತ್ತಾರೆ. ಸಾಮಾನ್ಯವಾಗಿ ಬ್ಯಾಂಕುಗಳು 1.25 ಅಥವಾ ಮೇಲೆ ಕೇಳುತ್ತವೆ, ಇಲ್ಲಿರುವುದು 1.00. ಕೊಳ್ಳುವವರು ಈಗ ಶೇ 7.5 ಕೇಳಿದರೆ ಬೆಲೆ 10.4 ಕೋಟಿ, ಸಾಲಕ್ಕಿಂತಲೂ ಕಡಿಮೆ. ಸಾಲಕ್ಕೆ ಕಟ್ಟಡವೊಂದೇ ಹೊಣೆ, ಮಾಲೀಕರ ಬೇರೆ ಆಸ್ತಿ ಮುಟ್ಟುವಂತಿಲ್ಲ ಎಂಬ ಷರತ್ತಿದ್ದರೆ, ಕೀಲಿಯನ್ನು ಬ್ಯಾಂಕಿಗೆ ಕೊಟ್ಟು ಹೊರಡುವುದೇ ಲಾಭ ಎಂದು ಮಾಲೀಕರು ಲೆಕ್ಕ ಹಾಕುತ್ತಾರೆ. ಬ್ಯಾಂಕಿಗೂ ಆ ಕಟ್ಟಡ ಬೇಡ. ಹಾಗಾಗಿ ಒಂದೆರಡು ವರ್ಷ ಅವಧಿ ವಿಸ್ತರಿಸಿ ಇಬ್ಬರೂ ಕಾಯುತ್ತಾರೆ. ನಷ್ಟ ಇದ್ದರೂ ಮಾರಾಟದ ಅಂಕಿಗಳಲ್ಲಿ ವರ್ಷಗಟ್ಟಲೆ ಕಾಣದೇ ಇರುವುದಕ್ಕೆ ಈ ಹೊಂದಾಣಿಕೆಯೇ ದೊಡ್ಡ ಕಾರಣ.

ಬಾಡಿಗೆ ಅಂಕಿಗಳೂ ಹೀಗೇ ನಿಜವನ್ನು ಮುಚ್ಚಿಡುತ್ತವೆ. ತಿಂಗಳಿಗೆ ಚದರಡಿಗೆ 100ರಂತೆ 60 ತಿಂಗಳ ಲೀಸ್. ಆದರೆ 9 ತಿಂಗಳು ಬಾಡಿಗೆ ಮಾಫಿ, ಒಳಾಂಗಣ ಮಾಡಿಸಿಕೊಳ್ಳಲು ಚದರಡಿಗೆ 300 ಮಾಲೀಕರದೇ. ಕೈಗೆ ಬರುವುದು 51 ತಿಂಗಳ ಬಾಡಿಗೆ, 5,100. ಅದರಲ್ಲಿ 300 ಕಳೆದು 60ರಿಂದ ಭಾಗಿಸಿದರೆ 80. ಕರಾರಿನಲ್ಲಿ 100 ಎಂದೇ ಇರುತ್ತದೆ, ಯಾಕೆಂದರೆ ಕಟ್ಟಡದ ಬೆಲೆ ಕಟ್ಟುವವರು ಆ ಅಂಕಿಯನ್ನೇ ಹಿಡಿಯಲಿ ಎಂಬುದು ಮಾಲೀಕರ ಆಸೆ. ‘ಬಾಡಿಗೆ ಸ್ಥಿರವಾಗಿದೆ’ ಎಂಬ ವಾಕ್ಯ ಕಂಡಾಗಲೆಲ್ಲ ಮಾಫಿ ತಿಂಗಳು ಎಷ್ಟು ಎಂದು ಕೇಳಿ. ಬಾಡಿಗೆದಾರ ಕಂಪನಿ ತಾನೇ ಮರುಬಾಡಿಗೆಗೆ ಇಟ್ಟಿರುವ ಜಾಗವನ್ನೂ ಕೇಳಿ. ಲೀಸ್ ಇನ್ನೂ ಚಾಲ್ತಿಯಲ್ಲಿದೆ ಎಂದು ಕೆಲವು ವರದಿಗಳು ಅದನ್ನು ಖಾಲಿ ಎಂದು ಎಣಿಸುವುದಿಲ್ಲ.

ಎಲ್ಲ ವಾಣಿಜ್ಯ ಆಸ್ತಿಗೂ ಇದೇ ಗತಿಯಲ್ಲ. ಗೋದಾಮುಗಳಿಗೆ ಆನ್‌ಲೈನ್ ಮಾರಾಟದಿಂದ ಬೇಡಿಕೆ ಬಂತು. ಡೇಟಾ ಸೆಂಟರನ್ನು ಚದರಡಿಗಿಂತ ಮೆಗಾವಾಟ್‌ನಲ್ಲಿ ಅಳೆಯುತ್ತಾರೆ. ವಿದ್ಯುತ್ ಸಂಪರ್ಕ ಸಿಗದ ಜಾಗ ಎಷ್ಟು ಅಗ್ಗವಾದರೂ ಅದಕ್ಕೆ ಉಪಯೋಗವಿಲ್ಲ. ಕಚೇರಿಗಳಲ್ಲೂ ಹೊಸ, ಒಳ್ಳೆಯ ಕಟ್ಟಡಗಳು ತುಂಬುತ್ತಿರುವಾಗ ಪಕ್ಕದ ಹಳೆಯದು ಖಾಲಿ ಇರುವುದು ಸಾಮಾನ್ಯ. ಹಾಗಾಗಿ ಇಡೀ ನಗರದ ಸರಾಸರಿ ಖಾಲಿ ಪ್ರಮಾಣ ಯಾವ ಒಂದು ಕಟ್ಟಡದ ಬಗ್ಗೆಯೂ ಹೆಚ್ಚೇನೂ ಹೇಳುವುದಿಲ್ಲ.

ಖಾಲಿ ಕಚೇರಿಗಳನ್ನು ಮನೆಗಳಾಗಿಸಬಹುದಲ್ಲ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ತೊಡಕು ಅಗಲದ್ದು. ಮಲಗುವ ಕೋಣೆಗೆ ಕಿಟಕಿ ಬೇಕು, ಬೆಳಕು ಕಿಟಕಿಯಿಂದ ಕೆಲವೇ ಮೀಟರ್ ಒಳಗೆ ತಲುಪುತ್ತದೆ. ಅಗಲವಾದ ಕಚೇರಿ ಮಹಡಿಯ ನಡುಭಾಗ ಕತ್ತಲೆ. ಕಚೇರಿಯಲ್ಲಿ ಶೌಚಾಲಯಗಳೆಲ್ಲ ಲಿಫ್ಟಿನ ಪಕ್ಕ ಒಂದೇ ಕಡೆ. ಮನೆಗಳಿಗಾದರೆ ಪ್ರತಿ ಅಡುಗೆಮನೆಗೆ, ಬಚ್ಚಲಿಗೆ ಕೊಳವೆ ಇಳಿಸಲು ಪ್ರತಿ ಮಹಡಿಯ ಸ್ಲ್ಯಾಬ್ ಕೊರೆಯಬೇಕು. ಹವಾನಿಯಂತ್ರಣ ಬರುವ ಮುಂಚಿನ ಕಿರಿದಾದ ಹಳೆಯ ಕಟ್ಟಡಗಳೇ ಇದಕ್ಕೆ ಹೆಚ್ಚು ಒಗ್ಗುತ್ತವೆ.

ಮನೆ: ಯಾರೂ ಮಾರದ ಮಾರುಕಟ್ಟೆ

ಅಮೆರಿಕದಲ್ಲಿ 30 ವರ್ಷದ ಸ್ಥಿರ ಬಡ್ಡಿಯ ಗೃಹಸಾಲದ ಸರಾಸರಿ ದರ 2021ರ ಜನವರಿಯಲ್ಲಿ ಶೇ 2.65ಕ್ಕೆ ಇಳಿದಿತ್ತು, 2023ರ ಅಕ್ಟೋಬರ್‌ನಲ್ಲಿ ಶೇ 7.79ಕ್ಕೆ ಏರಿತು. 1 ಲಕ್ಷ ಸಾಲಕ್ಕೆ 30 ವರ್ಷದ ಕಂತು ಶೇ 3ರಲ್ಲಿ ತಿಂಗಳಿಗೆ 422, ಶೇ 7ರಲ್ಲಿ 665. ಕಂತು ಅಷ್ಟೇ ಇರಬೇಕೆಂದರೆ ಶೇ 37 ಕಡಿಮೆ ಸಾಲ ಪಡೆಯಬೇಕು. ಕೊಳ್ಳುವವರ ಶಕ್ತಿ ಇಷ್ಟು ಕುಗ್ಗಿದರೂ ಬೆಲೆ ಬೀಳಲಿಲ್ಲ. ಹಳೆಯ ಅಗ್ಗದ ಸಾಲ ಇರುವವರು ಮನೆ ಮಾರಿದರೆ ಆ ಸಾಲವೂ ಹೋಗುತ್ತದೆ. ಮುಂದಿನ ಮನೆಗೆ ಹೊಸ ದರದಲ್ಲಿ ಸಾಲ ಮಾಡಬೇಕು. ಅದರ ಬದಲು ಇದ್ದಲ್ಲೇ ಇರುತ್ತಾರೆ. ಕೊಳ್ಳುವವರ ಜೊತೆ ಮಾರುವವರೂ ಮಾಯವಾದರು. 2023ರಲ್ಲಿ ಅಲ್ಲಿ ಮಾರಾಟವಾದ ಹಳೆಯ ಮನೆಗಳು ಸುಮಾರು 41 ಲಕ್ಷ, 1995ರ ನಂತರದ ಅತಿ ಕಡಿಮೆ.

ಬ್ರಿಟನ್‌ನಲ್ಲಿ ಸ್ಥಿರ ದರ ಸಾಮಾನ್ಯವಾಗಿ 2 ಅಥವಾ 5 ವರ್ಷಕ್ಕೆ ಮಾತ್ರ. ಆಸ್ಟ್ರೇಲಿಯಾದಲ್ಲಿ ಬದಲಾಗುವ ದರದ ಸಾಲಗಳೇ ಹೆಚ್ಚು. ಈ ಎರಡೂ ಕಡೆ ಬಡ್ಡಿ ಏರಿಕೆ ಈಗಾಗಲೇ ಕೊಂಡ ಮನೆಯ ಕಂತಿಗೇ ಬಂದು ಬೀಳುತ್ತದೆ, ಆದ್ದರಿಂದ ಹೀಗೆ ಸಾಲಕ್ಕೆ ಅಂಟಿಕೊಂಡು ಕೂರುವವರು ಕಡಿಮೆ. ಒಂದು ದೇಶದ ವಿವರಣೆಯನ್ನು ಇನ್ನೊಂದಕ್ಕೆ ಎತ್ತಿ ಅಂಟಿಸುವ ಮೊದಲು ಗೃಹಸಾಲದ ಕರಾರು ನೋಡಬೇಕು.

ಚೀನಾದಲ್ಲಿ ಮನೆ ಮಾರುಕಟ್ಟೆ ಕುಸಿದದ್ದರ ಮೂಲವೇ ಬೇರೆ. ಅಲ್ಲಿ 2020ರ ಆಗಸ್ಟ್‌ನ ‘ಮೂರು ಕೆಂಪು ಗೆರೆ’ ಎಂಬ ಸರ್ಕಾರಿ ಮಿತಿಗಳು ಬಿಗಿದದ್ದು ಕೊಳ್ಳುವವರನ್ನಲ್ಲ, ಬಿಲ್ಡರ್‌ಗಳ ಸಾಲವನ್ನು. ಕಟ್ಟುವ ಮೊದಲೇ ಮಾರಿ ಆ ಹಣದಿಂದ ಕಟ್ಟುವ ಪದ್ಧತಿಯಲ್ಲಿ ಹೊಸ ಸಾಲ ನಿಂತರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತದ್ದು ಕಂಡರೆ ಮುಂದಿನ ಗಿರಾಕಿ ಮುಂಗಡ ಕೊಡುವುದಿಲ್ಲ. ಅಲ್ಲಿನ ದೊಡ್ಡ ಬಿಲ್ಡರ್ ಎವರ್‌ಗ್ರಾಂಡ್ ಕಂಪನಿಯನ್ನು ಮುಚ್ಚಿ ಆಸ್ತಿ ಮಾರುವಂತೆ ಹಾಂಗ್‌ಕಾಂಗ್ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶಿಸಿತು.

ಮಧ್ಯಮ ಬೆಲೆಯ ಮೋಸ

ಮನೆ ಬೆಲೆಯ ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಮೀಡಿಯನ್, ಅಂದರೆ ಸಾಲಾಗಿ ನಿಲ್ಲಿಸಿದಾಗ ನಡುವೆ ಸಿಗುವ ಬೆಲೆ. ಕಳೆದ ತಿಂಗಳು ಐದು ಮನೆ ಮಾರಾಟವಾದವು ಎನ್ನಿ: 40, 50, 60, 80, 120 ಲಕ್ಷ. ನಡುವಿನದು 60. ಈ ತಿಂಗಳು ಅಂಥದೇ ಮನೆಗಳ ಬೆಲೆ ಶೇ 5 ಇಳಿದಿದೆ, ಆದರೆ ಸಾಲ ಸಿಗದೆ ಚಿಕ್ಕ ಮನೆಗಳ ಗಿರಾಕಿಗಳು ಬರಲೇ ಇಲ್ಲ. ಮಾರಾಟವಾದದ್ದು ಮೂರೇ: 57, 76, 114. ನಡುವಿನದು 76. ಪ್ರತಿ ಮನೆಯೂ ಅಗ್ಗವಾದ ತಿಂಗಳಲ್ಲಿ ‘ಬೆಲೆ ಶೇ 27 ಏರಿಕೆ’ ಎಂಬ ತಲೆಬರಹ ಸಿದ್ಧ.

ಇದನ್ನು ತಪ್ಪಿಸಲು ಒಂದೇ ಮನೆ ಹಿಂದೆ ಎಷ್ಟಕ್ಕೆ ಹೋಗಿತ್ತು, ಈಗ ಎಷ್ಟಕ್ಕೆ ಹೋಯಿತು ಎಂದು ಹೋಲಿಸುವ ಸೂಚ್ಯಂಕಗಳಿವೆ; ಅಮೆರಿಕದ ಕೇಸ್–ಶಿಲ್ಲರ್ ಅಂಥದು. ಅದು ಮೂರು ತಿಂಗಳ ಸರಾಸರಿ, ಪ್ರಕಟವಾಗುವುದು ಸುಮಾರು ಎರಡು ತಿಂಗಳು ತಡವಾಗಿ. ಅದರಲ್ಲಿ ತಿರುವು ಕಾಣಿಸುವ ಹೊತ್ತಿಗೆ, ಮಾರಾಟಕ್ಕಿಟ್ಟ ಮನೆಗಳು ಎಷ್ಟು ದಿನ ಹಾಗೇ ಕೂತಿವೆ, ಎಷ್ಟು ಮಂದಿ ಕೇಳಿದ ಬೆಲೆ ಇಳಿಸಿದ್ದಾರೆ ಎಂಬ ಅಂಕಿಗಳು ತಿರುಗಿ ತಿಂಗಳುಗಳೇ ಆಗಿರುತ್ತವೆ.