ತುಕ್ಕು ಹಿಡಿದ ಆಕ್ಸಲ್: ಯಾವುದನ್ನು ಉಳಿಸಬಹುದು, ಯಾವುದನ್ನು ತೆಗೆದುಹಾಕಬೇಕು

ಕಾಡುಮೇಡುಗಳಲ್ಲಿ, ಕೆಸರಿನಲ್ಲಿ, ಹೊಳೆಯ ನೀರಿನಲ್ಲಿ ವರ್ಷಗಟ್ಟಲೆ ಓಡಾಡಿದ ಹಳೆಯ ಜೀಪಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದರೆ, ಎರಡು ಚಕ್ರಗಳ ನಡುವೆ ಅಡ್ಡಲಾಗಿ ಚಾಚಿಕೊಂಡಿರುವ ಆಕ್ಸಲ್ ಸಾಮಾನ್ಯವಾಗಿ ಕೆಂಗಂದು ಹಕ್ಕಳೆಗಳಿಂದ ಮುಚ್ಚಿರುತ್ತದೆ. ಅದನ್ನು ಉಜ್ಜಿ ಬಣ್ಣ ಬಳಿದರೆ ಸಾಕೇ, ಇಡೀ ಆಕ್ಸಲನ್ನೇ ಬದಲಿಸಬೇಕೇ ಎಂಬ ಪ್ರಶ್ನೆಗೆ ಹೆಚ್ಚಿನವರು ತುಕ್ಕಿನ ಪ್ರಮಾಣವನ್ನು ನೋಡಿ ಉತ್ತರ ಹೇಳುತ್ತಾರೆ. ಈ ಅಳತೆ ದಾರಿ ತಪ್ಪಿಸುತ್ತದೆ. ತುಕ್ಕು ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ಭಾಗದ ಮೇಲಿದೆ, ಆ ಭಾಗದ ಮೇಲಿನ ಭಾರ ಬಹುಮಟ್ಟಿಗೆ ಸ್ಥಿರವಾದದ್ದೋ ಅಥವಾ ಪ್ರತಿ ಸುತ್ತಿಗೂ ದಿಕ್ಕು ಬದಲಿಸುವಂಥದ್ದೋ ಎನ್ನುವುದೇ ನಿರ್ಣಾಯಕ.

ಹೊರಗಿನಿಂದ ಒಂದೇ ವಸ್ತುವಿನಂತೆ ಕಾಣುವ ಆಕ್ಸಲಿನಲ್ಲಿ ಎರಡು ಬೇರೆ ಬೇರೆ ರಚನೆಗಳಿವೆ. ಕಣ್ಣಿಗೆ ಕಾಣುವುದು ಉಕ್ಕಿನ ಕೊಳವೆ, ಅಂದರೆ ಹೌಸಿಂಗ್. ಅದು ತಿರುಗುವುದಿಲ್ಲ, ಲೀಫ್ ಸ್ಪ್ರಿಂಗುಗಳ ಮೂಲಕ ಬರುವ ವಾಹನದ ತೂಕವನ್ನು ಹೊತ್ತುಕೊಂಡಿರುತ್ತದೆ. ಅದರೊಳಗೆ, ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಪಾದ ಡಿಫರೆನ್ಶಿಯಲಿನಿಂದ ಎಡಕ್ಕೂ ಬಲಕ್ಕೂ ಹೊರಟ ಎರಡು ಶಾಫ್ಟುಗಳು ಎಂಜಿನ್ನಿನ ತಿರುಚು ಬಲವನ್ನು ಚಕ್ರಗಳಿಗೆ ಮುಟ್ಟಿಸುತ್ತವೆ. ಫುಲ್ ಫ್ಲೋಟಿಂಗ್ ಎಂದು ಕರೆಯುವ ವಿನ್ಯಾಸದಲ್ಲಿ ಚಕ್ರದ ನಡುಭಾಗವಾದ ಹಬ್ ಕೊಳವೆಯ ತುದಿಯ ಬೇರಿಂಗುಗಳ ಮೇಲೆ ಕುಳಿತಿರುವುದರಿಂದ ಶಾಫ್ಟಿಗೆ ತಿರುಚುವಿಕೆಯೊಂದನ್ನೇ ತಡೆದುಕೊಳ್ಳುವ ಕೆಲಸ. ಸೆಮಿ ಫ್ಲೋಟಿಂಗ್ ವಿನ್ಯಾಸದಲ್ಲಿ ಚಕ್ರ ನೇರವಾಗಿ ಶಾಫ್ಟಿನ ತುದಿಗೇ ಜೋಡಣೆಯಾಗಿರುತ್ತದೆ, ಹಾಗಾಗಿ ಅದೇ ಶಾಫ್ಟು ತಿರುಚುವಿಕೆಯ ಜೊತೆಗೆ ತೂಕವನ್ನೂ ಹೊರಬೇಕು. ಅದು ಮುರಿದರೆ ಚಕ್ರವೇ ಕಳಚಿ ಹೊರಗೆ ಬರಬಹುದು. ನಿಮ್ಮ ವಾಹನದಲ್ಲಿರುವುದು ಇವೆರಡರಲ್ಲಿ ಯಾವುದೆಂದು ತಿಳಿಯದೆ ದುರಸ್ತಿಯ ಮಾತು ಆಡುವುದೇ ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ತುಕ್ಕು ಹುಟ್ಟುವುದು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆಯಿಂದ. ಉಕ್ಕಿನ ಮೇಲೆ ನೀರಿನ ತೆಳುಪದರ ಕುಳಿತಾಗ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತವೆ, ಅದು ಆನೋಡ್. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗದಲ್ಲಿ ಆಮ್ಲಜನಕ ಮತ್ತು ನೀರಿನೊಂದಿಗೆ ಸೇರುತ್ತವೆ, ಅದು ಕ್ಯಾಥೋಡ್. ಉಪ್ಪು ಬೆರೆತರೆ ನೀರಿನ ವಾಹಕತೆ ಹೆಚ್ಚಿ ಕ್ರಿಯೆ ತೀವ್ರಗೊಳ್ಳುತ್ತದೆ. ಆಮ್ಲಜನಕ ಹೆಚ್ಚು ಸಿಗುವ ಕಡೆಯೇ ಲೋಹ ಹೆಚ್ಚು ಸವೆಯುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ನಡೆಯುವುದು ತದ್ವಿರುದ್ಧ. ಕೇಂಬ್ರಿಜಿನ ವಿಜ್ಞಾನಿ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ಹನಿಯಿಟ್ಟು ತೋರಿಸಿದಂತೆ, ಗಾಳಿ ಸುಲಭವಾಗಿ ತಲುಪುವ ಹನಿಯ ಅಂಚು ಕ್ಯಾಥೋಡ್ ಆಗಿ ಉಳಿದುಕೊಳ್ಳುತ್ತದೆ, ಗಾಳಿ ತಲುಪದ ನಡುಭಾಗ ಆನೋಡ್ ಆಗಿ ಕರಗುತ್ತದೆ. ಆಕ್ಸಲಿನ ಮೇಲೆ ಸ್ಪ್ರಿಂಗ್ ಕೂರುವ ಪೀಠದ ಕೆಳಗೆ, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟಿನ ಬಾಗಿನಲ್ಲಿ, ಒಣಗಿ ಗಟ್ಟಿಯಾದ ಕೆಸರಿನ ಅಡಿಯಲ್ಲಿ ಲೋಹ ಆಳವಾಗಿ ತಿಂದುಹೋಗುವುದಕ್ಕೆ ಇದೇ ಕಾರಣ. ಬಯಲಿಗೆ ತೆರೆದುಕೊಂಡ ಕೊಳವೆಯ ನಡುಭಾಗ ಎಷ್ಟೇ ಕೆಂಪಾಗಿ ಕಂಡರೂ ಬಹಳ ಸಲ ಗಟ್ಟಿಯಾಗಿಯೇ ಇರುತ್ತದೆ. ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವ ವಸ್ತುವಾದ್ದರಿಂದ, ದಪ್ಪ ಹಕ್ಕಳೆ ಎದ್ದಲ್ಲೂ ಕಳೆದುಹೋದ ಲೋಹ ಅದರ ಒಂದು ಪಾಲಿನಷ್ಟು ಮಾತ್ರ ಇರುತ್ತದೆ.

ಶಾಫ್ಟಿನ ಕಥೆ ಬೇರೆ. 1842ರ ಮೇ 8ರಂದು ವರ್ಸಾಯ್‌ನಿಂದ ಪ್ಯಾರಿಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು, ಬೋಗಿಗಳಿಗೆ ಬೆಂಕಿ ಹೊತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ತನ್ನ ಸಾಮರ್ಥ್ಯಕ್ಕಿಂತ ಕಡಿಮೆ ಭಾರ ಹೊತ್ತ ಆಕ್ಸಲ್ ಏಕಾಏಕಿ ಮುರಿಯುವುದೇಕೆ ಎಂಬುದು ಆ ಕಾಲದ ಎಂಜಿನಿಯರುಗಳಿಗೆ ಒಗಟಾಗಿತ್ತು. ಮುಂದಿನ ವರ್ಷವೇ ವಿಲಿಯಂ ರ‍್ಯಾಂಕಿನ್, ಇಂಥ ಮುರಿತಗಳು ಶಾಫ್ಟಿನ ದಪ್ಪ ಥಟ್ಟನೆ ಬದಲಾಗುವ ಮೂಲೆಯಲ್ಲಿ ಸಣ್ಣ ಬಿರುಕಾಗಿ ಆರಂಭವಾಗಿ ನಿಧಾನವಾಗಿ ಒಳಕ್ಕೆ ಬೆಳೆಯುತ್ತವೆ ಎಂದು ವಿವರಿಸಿದರು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲಿನ ಆಕ್ಸಲುಗಳ ಮೇಲೆ ದೀರ್ಘ ಪರೀಕ್ಷೆಗಳನ್ನು ನಡೆಸಿ, ಲೋಹವನ್ನು ಮುರಿಯುವುದರಲ್ಲಿ ಭಾರದ ಗಾತ್ರದಷ್ಟೇ ಅದು ಎಷ್ಟು ಸಲ ಬಂದು ಹೋಯಿತು ಎಂಬುದಕ್ಕೂ ಪಾಲಿದೆ ಎಂದು ತೋರಿಸಿಕೊಟ್ಟರು. ಇದನ್ನೇ ಲೋಹದ ದಣಿವು ಎನ್ನುತ್ತೇವೆ.

ಸೆಮಿ ಫ್ಲೋಟಿಂಗ್ ಶಾಫ್ಟಿನ ಮೇಲ್ಮೈಯ ಯಾವುದೇ ಒಂದು ಬಿಂದು ಚಕ್ರದ ಪ್ರತಿ ಸುತ್ತಿನಲ್ಲೂ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಗುತ್ತದೆ. 75 ಸೆಂಟಿಮೀಟರ್ ವ್ಯಾಸದ ಟಯರು ಒಂದು ಕಿಲೋಮೀಟರಿಗೆ ಸುಮಾರು 425 ಸುತ್ತು ಹಾಕುತ್ತದೆ. 2,400 ಕಿಲೋಮೀಟರ್ ಓಡುವಷ್ಟರಲ್ಲಿ ಇಂಥ 10 ಲಕ್ಷ ಆವರ್ತನಗಳು ಮುಗಿದಿರುತ್ತವೆ. ನಯವಾದ, ಒಣಗಿದ ಉಕ್ಕಿಗೆ ಒಂದು ಸುರಕ್ಷಿತ ಮಿತಿ ಇದೆ. ಆ ಮಿತಿಯ ಕೆಳಗಿನ ಭಾರವನ್ನು ಅದು ಲೆಕ್ಕವಿಲ್ಲದಷ್ಟು ಸಲ ತಾಳಿಕೊಳ್ಳಬಲ್ಲದು. ತುಕ್ಕು ಕೆಲಸ ಮಾಡುತ್ತಿರುವ ಒದ್ದೆ ವಾತಾವರಣದಲ್ಲಿ ಆ ಮಿತಿಯೇ ಇಲ್ಲವಾಗುತ್ತದೆ. ತುಕ್ಕಿನ ಒಂದು ಪುಟ್ಟ ಕುಳಿಯ ತಳದಲ್ಲಿ ಲೋಹದೊಳಗಿನ ಒತ್ತಡ ಸುತ್ತಲಿನದಕ್ಕಿಂತ ಎರಡು ಪಟ್ಟಿಗೂ ಮೀರಬಹುದು, ಬಿರುಕು ಹುಟ್ಟುವುದು ಅಲ್ಲಿಯೇ. ವ್ಯಾಸದ ಲೆಕ್ಕವೂ ಕಠಿಣವಾದದ್ದು: ಗಟ್ಟಿ ಶಾಫ್ಟಿನ ಬಲ ವ್ಯಾಸದ ಘನವನ್ನು ಅನುಸರಿಸುತ್ತದೆ. 30 ಮಿಲಿಮೀಟರಿನ ಶಾಫ್ಟು ಸುತ್ತಲೂ ಒಂದು ಮಿಲಿಮೀಟರ್ ಸವೆದು 28ಕ್ಕೆ ಇಳಿದರೆ ವ್ಯಾಸ ಶೇ. 7ರಷ್ಟು ತಗ್ಗಿರುತ್ತದೆ, ಬಲ ಮಾತ್ರ ಸುಮಾರು ಶೇ. 19ರಷ್ಟು ತಗ್ಗಿರುತ್ತದೆ. ಇತ್ತ ಕಡಿದಾದ ಏರಿನಲ್ಲಿ ಹೊರುವ ಭಾರವೂ ಸಣ್ಣದಲ್ಲ. ಎಂಜಿನ್ 150 ನ್ಯೂಟನ್-ಮೀಟರ್ ತಿರುಚು ಬಲ ಕೊಡುತ್ತದೆ ಎಂದುಕೊಳ್ಳಿ. ಮೊದಲ ಗೇರು ಅದನ್ನು 3.5 ಪಟ್ಟು, ಕಡಿದಾದ ದಾರಿಗೆಂದು ಇರುವ ಹೆಚ್ಚುವರಿ ಗೇರು ಜೋಡಿಯಾದ ಲೋ ರೇಂಜ್ 2.5 ಪಟ್ಟು, ಡಿಫರೆನ್ಶಿಯಲ್ 4 ಪಟ್ಟು ಹೆಚ್ಚಿಸಿದರೆ ಆಕ್ಸಲುಗಳಿಗೆ ಮುಟ್ಟುವುದು 5,000 ನ್ಯೂಟನ್-ಮೀಟರಿಗೂ ಮಿಗಿಲಾದ ಬಲ.

ಆದ್ದರಿಂದ ಪರಿಶೀಲನೆ ಎರಡು ಬಗೆಯದಾಗಬೇಕು. ಕೊಳವೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸುತ್ತಿಗೆಯ ಚೂಪು ತುದಿಯಿಂದ ಅಲ್ಲಲ್ಲಿ ತಟ್ಟಬೇಕು. ಗಟ್ಟಿ ಲೋಹ ಟಣ್ ಎನ್ನುತ್ತದೆ, ತೆಳುವಾದ ಜಾಗ ಮಂಕಾಗಿ ಸದ್ದು ಮಾಡುತ್ತದೆ ಅಥವಾ ತಗ್ಗು ಬೀಳುತ್ತದೆ. ಶ್ರವಣಾತೀತ ತರಂಗದ ದಪ್ಪಮಾಪಕ ಸಿಕ್ಕರೆ ಉಳಿದ ದಪ್ಪವನ್ನು ನೇರವಾಗಿ ಓದಿಕೊಳ್ಳಬಹುದು. ಶಾಫ್ಟನ್ನು ಮಾತ್ರ ಹೊರತೆಗೆದು ತೊಳೆದೇ ನೋಡಬೇಕು. ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದ ಸ್ಪ್ಲೈನ್ ಹಲ್ಲುಗಳ ಬುಡ, ಬೇರಿಂಗ್ ಕೂರುವ ಜಾಗದ ಅಂಚು, ಆಯಿಲ್ ಸೋರದಂತೆ ತಡೆಯುವ ಸೀಲಿನ ತುಟಿ ತಾಗುವ ಪಟ್ಟಿ ಇವೇ ಮುಖ್ಯ. ಕಣ್ಣಿಗೆ ಕಾಣದ ಬಿರುಕನ್ನು ಬಣ್ಣದ ದ್ರವ ಇಂಗಿಸುವ ಪರೀಕ್ಷೆ ಅಥವಾ ಕಾಂತೀಯ ಪುಡಿಯ ಪರೀಕ್ಷೆ ತೋರಿಸಿಕೊಡುತ್ತದೆ.

ಕೊಳವೆಯ ಉಕ್ಕು ಸಾಮಾನ್ಯವಾಗಿ ಬೆಸುಗೆಗೆ ಒಗ್ಗುವಂಥದ್ದು. ಸ್ಪ್ರಿಂಗ್ ಪೀಠ ತಿಂದುಹೋಗಿದ್ದರೆ ಹೊಸದನ್ನು ಬೆಸೆಯಬಹುದು, ಆದರೆ ಬೆಸುಗೆಯ ಶಾಖ ಕೊಳವೆಯನ್ನು ಬಗ್ಗಿಸದಂತೆ ಅದನ್ನು ಬಿಗಿಯಾದ ಚೌಕಟ್ಟಿನಲ್ಲಿ ಕೂರಿಸಿ, ಸ್ವಲ್ಪ ಸ್ವಲ್ಪವೇ ಬೆಸೆಯುತ್ತ ಹೋಗಬೇಕು. ಶಾಫ್ಟಿಗೆ ಬೆಸುಗೆ ಹಾಕುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಅದರ ಉಕ್ಕನ್ನು ಕಾಯಿಸಿ, ತಣಿಸಿ ಗಡುಸು ಮಾಡಿರುತ್ತಾರೆ. ಬೆಸುಗೆ ಆ ಸಂಸ್ಕಾರವನ್ನು ಕೆಡಿಸಿ, ಪಕ್ಕದಲ್ಲೇ ಪೆಡಸಾದ ಪಟ್ಟಿಯೊಂದನ್ನು ಉಳಿಸಿಹೋಗುತ್ತದೆ. ತುಕ್ಕು ತೆಗೆಯಲು ಶಾಫ್ಟನ್ನು ಆಮ್ಲದಲ್ಲಿ ನೆನೆಹಾಕುವುದೂ ಅಪಾಯಕಾರಿ. ಆಮ್ಲ ಲೋಹದೊಂದಿಗೆ ವರ್ತಿಸುವಾಗ ಹುಟ್ಟುವ ಜಲಜನಕ ಗಡುಸಾದ ಉಕ್ಕಿನೊಳಗೆ ನುಸುಳಿ ಅದನ್ನು ಪೆಡಸಾಗಿಸುತ್ತದೆ, ಹೊರಗಿನಿಂದ ಅದರ ಯಾವ ಗುರುತೂ ಕಾಣುವುದಿಲ್ಲ. ಸೀಲ್ ತಾಗುವ ಪಟ್ಟಿಯಲ್ಲಿ ಮಾತ್ರ ಸಣ್ಣ ಕುಳಿಗಳಿದ್ದು ಉಳಿದದ್ದೆಲ್ಲ ನಯವಾಗಿದ್ದರೆ ತೆಳುವಾದ ಉಕ್ಕಿನ ತೋಳನ್ನು ತೊಡಿಸಿ ಸೋರಿಕೆ ನಿಲ್ಲಿಸಬಹುದು. ಅದರಾಚೆಯ ಕುಳಿಗೆ ಹೊಸ ಶಾಫ್ಟೇ ಉತ್ತರ.

ಬಿಚ್ಚುವ ಕೆಲಸದಲ್ಲಿ ತಾಳ್ಮೆ ಬೇಕು. ವಾಹನವನ್ನು ಬರೀ ಜಾಕಿನ ಮೇಲೆ ನಿಲ್ಲಿಸದೆ ಚಾಸಿಯ ಅಡಿಗೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಡಬೇಕು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅಂಟಿಕೊಂಡ ನಟ್ಟಿಗೆ ಶಾಖ ನೆರವಾಗುತ್ತದೆ: 20 ಮಿಲಿಮೀಟರ್ ರಂಧ್ರದ ನಟ್ಟನ್ನು 300 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ರಂಧ್ರ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕಾಗುವುದುಂಟು. ಸುತ್ತ ಎಣ್ಣೆ, ಗ್ರೀಸು, ಬ್ರೇಕ್ ದ್ರವ, ರಬ್ಬರು ಇದ್ದಲ್ಲಿ ಜ್ವಾಲೆ ಹಚ್ಚುವಂತಿಲ್ಲ.

ಇಡೀ ಆಕ್ಸಲನ್ನೇ ಬದಲಿಸುವುದಾದರೆ ಮೊದಲು ಹೊಂದಿಸಬೇಕಾದದ್ದು ಗೇರ್ ಅನುಪಾತ. ಹಿಂದಿನ ಆಕ್ಸಲಿನ ಅನುಪಾತ ಮುಂದಿನದಕ್ಕಿಂತ ಬೇರೆಯಾದರೆ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟಾಗ ಮುಂಭಾಗವೂ ಹಿಂಭಾಗವೂ ಬೇರೆ ಬೇರೆ ವೇಗದಲ್ಲಿ ಓಡಲು ಯತ್ನಿಸಿ, ಗಟ್ಟಿ ನೆಲದ ಮೇಲೆ ಗೇರುಗಳು ಒಂದನ್ನೊಂದು ತಿರುಚುತ್ತವೆ. ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಡಿಫರೆನ್ಶಿಯಲಿಗೆ ಬಲ ತರುವ ಸಣ್ಣ ಗೇರಾದ ಪಿನಿಯನ್ ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿದರೆ ಅನುಪಾತ ತಿಳಿಯುತ್ತದೆ. ಚಕ್ರಗಳ ನಡುವಿನ ಅಗಲ, ಸ್ಪ್ರಿಂಗ್ ಪೀಠಗಳ ಅಂತರ, ಪಿನಿಯನ್ನಿನ ಓರೆ, ಬ್ರೇಕಿನ ಅಳತೆ ಇವೂ ಹೊಂದಬೇಕು. ಬಳಸಿದ ಆಕ್ಸಲನ್ನು ತಂದಿದ್ದರೆ ಅದರ ಶಾಫ್ಟುಗಳನ್ನೂ ಮೇಲೆ ಹೇಳಿದಂತೆಯೇ ಪರೀಕ್ಷಿಸಬೇಕು. ಬಿಗಿತದಲ್ಲಿ ಒಮ್ಮೆ ಹಿಗ್ಗಿದ ಹಳೆಯ ಯು-ಬೋಲ್ಟುಗಳನ್ನು ಮತ್ತೆ ಹಾಕಬಾರದು. ಹೊಸವನ್ನು ಹಾಕಿ, ವಾಹನದ ತೂಕ ಸ್ಪ್ರಿಂಗುಗಳ ಮೇಲೆ ಕುಳಿತ ನಂತರ ಕೊನೆಯ ಬಿಗಿ ಕೊಟ್ಟು, ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು.

ಆಕ್ಸಲಿನ ಮೇಲಿರುವ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆಯನ್ನು ಇದೇ ಸಮಯದಲ್ಲಿ ಸ್ವಚ್ಛಗೊಳಿಸುವುದು ಒಳ್ಳೆಯದು. ಓಡಿ ಕಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿಕೊಂಡಿದ್ದರೆ ಆ ಸೆಳೆತ ಸೀಲುಗಳ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಬ್ರೀದರೇ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೇ ನೀರು ಒಳಗೆ ಬರುತ್ತದೆ. ಅದಕ್ಕೆ ರಬ್ಬರ್ ಕೊಳವೆ ಜೋಡಿಸಿ ಅದರ ತುದಿಯನ್ನು ನೀರು ಮುಟ್ಟದಷ್ಟು ಎತ್ತರದಲ್ಲಿ ಕಟ್ಟಬಹುದು. ಹೊಳೆ ದಾಟಿ ಬಂದ ಮೇಲೆ ಡ್ರೈನ್ ಪ್ಲಗ್ಗನ್ನು ಸ್ವಲ್ಪ ಸಡಿಲಿಸಿ ನೋಡಿದಾಗ ಆಯಿಲ್ ಹಾಲಿನಂತೆ ಬೆಳ್ಳಗಾಗಿ ಬಂದರೆ, ಅದನ್ನು ಅಂದೇ ಪೂರ್ತಿ ಇಳಿಸಿ ಹೊಸದನ್ನು ತುಂಬಬೇಕು.